ಮಗುವಿನ ಹೆಸರಿಗೇ ಒಂದು ಕಾರ್ಡ್ ಇರಲಿ

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಾಗುತ್ತಿವೆ ಅನ್ನೋ ಸುದ್ದಿ ರಾಜ್ಯದ ತುಂಬಾ ಹಬ್ಬಿತ್ತು. ಟಿವಿಯಲ್ಲಿ ಹಗಲೂ ರಾತ್ರಿ ಅದೇ ಚರ್ಚೆ. ಮಾತೆಲ್ಲ ಅಕ್ಕಿಯ ಬಗ್ಗೆ. ನಾನು ರಾಣೆಬೆನ್ನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಆ ವಾರ ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಬಂದು ಕೇಳಿದ್ದು ಬೇರೆಯೇ ವಿಷಯ.

"ಟೀಚರ್, ಅಕ್ಕಿ ಹೋದ್ರ ಹೋಗ್ಲಿರಿ, ಕೂಲಿ ಮಾಡಿ ತಿಂತೀವಿ. ಈಕಿಗೆ ಮುಂದ ಮತ್ತ ಆಪರೇಷನ್ ಬೇಕಾಗಬಹುದು ಅಂದಾರ ಡಾಕ್ಟರ್. ಕಾರ್ಡ್ ಹೋತಂದ್ರ ಏನ್ ಮಾಡೂದ್ರಿ?"

ಆಕೆಯ ಮಗಳಿಗೆ ಅಷ್ಟರಲ್ಲಾಗಲೇ ಹೃದಯದ ದೊಡ್ಡ ಆಪರೇಷನ್ ಆಗಿತ್ತು. ಕೆಲವು ದಿನ ಕಳೆದ ಮೇಲೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಬೇರೆ ಯಾರ ಕಾರ್ಡನ್ನೂ ರದ್ದು ಮಾಡಬೇಡಿ ಅಂತ ಸರ್ಕಾರ ಹೇಳಿತು. ಅವರ ಕಾರ್ಡ್ ಉಳಿಯಿತು. ಆದರೆ ಆಕೆ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆರು ವರ್ಷದ ಹುಡುಗಿಯ ಚಿಕಿತ್ಸೆ ಅಪ್ಪನ ರೇಷನ್ ಕಾರ್ಡಿನ ಮೇಲೆ ಯಾಕೆ ನಿಲ್ಲಬೇಕು? ಈ ಬರಹ ಅದರ ಬಗ್ಗೆ.

ಮೊದಲು ಈಗ ಏನಿದೆ ಅಂತ ಹೇಳಿಬಿಡುತ್ತೇನೆ. ಎಷ್ಟೋ ಜನ ಓದಿದವರಿಗೂ ಇದು ಪೂರ್ತಿ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚನ್ನು ಸರ್ಕಾರ ಕೊಡುತ್ತದೆ. 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಅಂತ ಶುರುವಾಯಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಹೆಸರು ಆಮೇಲೆ ಇನ್ನಷ್ಟು ಉದ್ದ ಆಗಿದೆ, ಊರಲ್ಲಿ ಎಲ್ಲರೂ ಕರೆಯುವುದು 'ಆಯುಷ್ಮಾನ್ ಕಾರ್ಡ್' ಅಂತ. ನಾವು ಪ್ರೀಮಿಯಂ ಕಟ್ಟಬೇಕಿಲ್ಲ. ನಡುವೆ ವಿಮಾ ಕಂಪನಿಯೂ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅಂತ ಸರ್ಕಾರದ್ದೇ ಒಂದು ಟ್ರಸ್ಟ್ ಇದೆ, ಅದು ಆಸ್ಪತ್ರೆಗೆ ನೇರವಾಗಿ ದುಡ್ಡು ಕೊಡುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಯಾದರೆ ಡಾಕ್ಟರ್ ರೆಫರಲ್ ಬರೆದುಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೂ ಹೋಗಬಹುದು. ತುರ್ತು ಚಿಕಿತ್ಸೆಗಳಿಗೆ ಆ ರೆಫರಲ್ ಬೇಕಿಲ್ಲ.

ಇದು ಬಿಪಿಎಲ್ ಮನೆಯ ಮಾತು. ಎಪಿಎಲ್ ಕಾರ್ಡ್ ಇದ್ದರೆ ಲೆಕ್ಕ ಬೇರೆ. ಪ್ಯಾಕೇಜ್ ದರದಲ್ಲಿ, ಅಂದರೆ ಆ ಚಿಕಿತ್ಸೆಗೆ ಅಂತ ಯೋಜನೆ ನಿಗದಿ ಮಾಡಿದ ಮೊತ್ತದಲ್ಲಿ, ಶೇ 30ರಷ್ಟು ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷ ದಾಟುವಂತಿಲ್ಲ. ಉಳಿದ ಶೇ 70 ಮನೆಯವರದ್ದು. ಕಾಗದದ ಮೇಲೆ ಎಪಿಎಲ್ ಅಂದರೆ ಅನುಕೂಲಸ್ಥರು. ಆದರೆ ಊರಲ್ಲಿ ನೋಡಿದರೆ ಬಾಡಿಗೆ ಆಟೋ ಓಡಿಸುವವನು, ಸಣ್ಣ ಹಿಟ್ಟಿನ ಗಿರಣಿ ಇಟ್ಟವನು, ಹಿಂದೆಂದೋ ಯಾವುದೋ ಕಾರಣಕ್ಕೆ ಬಿಪಿಎಲ್ ಕೈತಪ್ಪಿದವನು, ಇವರೆಲ್ಲ ಅದರಲ್ಲೇ ಇದ್ದಾರೆ. ಬಿಪಿಎಲ್ ಆಗಲು ವರ್ಷದ ಆದಾಯ 1 ಲಕ್ಷ 20 ಸಾವಿರದ ಒಳಗಿರಬೇಕು. ತಿಂಗಳಿಗೆ ಹತ್ತು ಸಾವಿರ. ಗಂಡ ಹೆಂಡತಿ ಇಬ್ಬರೂ ದುಡಿದು ತಿಂಗಳಿಗೆ ಹದಿನೈದು ಸಾವಿರ ತಂದರೆ ಅವರ ಮಗುವಿನ ಹೃದಯದ ಆಪರೇಷನ್ ಅವರ ಕೈಗೆ ಸಿಗುತ್ತದಾ? ನೀವೇ ಹೇಳಿ.

ಇಷ್ಟು ಹೇಳಿದ ಮಾತ್ರಕ್ಕೆ ಈ ಯೋಜನೆಗಳಿಂದ ಉಪಯೋಗ ಇಲ್ಲ ಅಂತ ಯಾರೂ ತಿಳಿಯಬಾರದು. ತುಂಬಾ ಉಪಯೋಗ ಇದೆ. ಅದಕ್ಕೆ ಗಟ್ಟಿ ಸಾಕ್ಷಿ ನಮ್ಮ ರಾಜ್ಯದಲ್ಲೇ ಸಿಕ್ಕಿದೆ.

2010ರಲ್ಲಿ 'ವಾಜಪೇಯಿ ಆರೋಗ್ಯಶ್ರೀ' ಬಂತು. ಹೃದಯ ರೋಗ, ಕ್ಯಾನ್ಸರ್, ಇಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಕುಟುಂಬಗಳಿಗೆ ಪುಕ್ಕಟೆ ಚಿಕಿತ್ಸೆ. ಅದು ಒಂದೇ ಸಲಕ್ಕೆ ಇಡೀ ರಾಜ್ಯಕ್ಕೆ ಬರಲಿಲ್ಲ. ಮೊದಲು ಕಲಬುರಗಿ ವಿಭಾಗ, ಆಮೇಲೆ ಬೆಳಗಾವಿ ವಿಭಾಗ, ಬೆಂಗಳೂರು ಮತ್ತು ಮೈಸೂರು ಕಡೆಯವರಿಗೆ ಕೊನೆಗೆ. ನಮ್ಮ ಹಾವೇರಿ ಜಿಲ್ಲೆ ಬೆಳಗಾವಿ ವಿಭಾಗದಲ್ಲಿದೆ. ನಮ್ಮ ಕುಮಾರಪಟ್ಟಣದಿಂದ ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ, ಅದು ದಾವಣಗೆರೆ ಜಿಲ್ಲೆ, ಬೆಂಗಳೂರು ವಿಭಾಗ. ಅಂದರೆ ಸ್ವಲ್ಪ ಕಾಲ ಹೊಳೆಯ ಈ ದಂಡೆಯ ಬಡವರಿಗೆ ಯೋಜನೆ ಇತ್ತು, ಆ ದಂಡೆಯವರಿಗೆ ಇರಲಿಲ್ಲ. ಭಾಷೆ ಒಂದೇ, ಬೆಳೆ ಒಂದೇ, ಕೂಲಿ ಒಂದೇ. ಇಂಥ ಗಡಿಯ ಎರಡೂ ಕಡೆಯ ಹಳ್ಳಿಗಳನ್ನು ಸಂಶೋಧಕರು ಹೋಲಿಸಿ ನೋಡಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಯೋಜನೆಯಲ್ಲಿ ಚಿಕಿತ್ಸೆ ಸಿಗುವ ರೋಗಗಳಿಂದ ಸತ್ತವರ ಪ್ರಮಾಣ ಯೋಜನೆ ಇದ್ದ ಕಡೆಯ ಬಿಪಿಎಲ್ ಮನೆಗಳಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ಆಸ್ಪತ್ರೆ ಸೇರಿದಾಗ ಕೈಯಿಂದ ಹಾಕುವ ದುಡ್ಡೂ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿತ್ತು.

ಈ ಅಂಕಿಗಳು ಮಕ್ಕಳಿಗೆ ಮಾತ್ರ ಸೇರಿದ್ದಲ್ಲ, ಎಲ್ಲ ವಯಸ್ಸಿನವರದ್ದು. ಆದರೂ ನನಗೆ ಇದು ಬಹಳ ದೊಡ್ಡ ವಿಷಯ. ಕಾರ್ಡ್ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಜೀವದ ವ್ಯತ್ಯಾಸ ಇದೆ ಅಂತ ಇದು ಎದುರಿಗೇ ತೋರಿಸುತ್ತದೆ. ಆ ಯೋಜನೆಯಲ್ಲಿ ಇನ್ನೊಂದು ಒಳ್ಳೆಯ ಅಂಶ ಇತ್ತು. ಆಸ್ಪತ್ರೆಗಳೇ ಹಳ್ಳಿ ಕಡೆ ಬಂದು ಶಿಬಿರ ಮಾಡಿ ರೋಗಿಗಳನ್ನು ಹುಡುಕುತ್ತಿದ್ದವು. ಬಡವರ ಮನೆಯಲ್ಲಿ ರೋಗ ಹುಡುಕುವವರೇ ಇಲ್ಲದಿದ್ದರೆ ಕಾರ್ಡ್ ಇದ್ದೂ ಏನು ಮಾಡುವುದು?

ಇನ್ನೂ ಹಿಂದಿನ ಒಂದು ಯೋಜನೆ ನೆನಪಾಗುತ್ತದೆ. 2008ರಲ್ಲಿ ದೇಶದಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ. ಮೂವತ್ತು ರೂಪಾಯಿ ನೋಂದಣಿ, ವರ್ಷಕ್ಕೆ ಮೂವತ್ತು ಸಾವಿರದವರೆಗೆ ಚಿಕಿತ್ಸೆ. ಆದರೆ ಒಂದು ಕಾರ್ಡಿಗೆ ಐದೇ ಜನ. ಅಪ್ಪ, ಅಮ್ಮ, ಅಜ್ಜಿ, ಮೂರು ಮಕ್ಕಳಿರುವ ಮನೆಯಲ್ಲಿ ಯಾರನ್ನು ಬಿಡುವುದು? ಹೀಗೆ ಬಿಡಬೇಕಾದಾಗ ಹೆಣ್ಣುಮಗುವಿನ ಹೆಸರು ಎಷ್ಟು ಸುಲಭವಾಗಿ ಹೋಗುತ್ತದೆ ಅಂತ ಹಳ್ಳಿಯಲ್ಲಿ ಬೆಳೆದ ಯಾರಿಗೂ ಹೇಳಬೇಕಿಲ್ಲ. ಆಯುಷ್ಮಾನ್‌ನಲ್ಲಿ ಆ ಮಿತಿ ತೆಗೆದಿದ್ದಾರೆ. ಮನೆಯಲ್ಲಿ ಎಷ್ಟು ಜನ ಇದ್ದರೂ ಸರಿ, ವಯಸ್ಸು ಎಷ್ಟಾದರೂ ಸರಿ. ಈ ಬದಲಾವಣೆಯನ್ನು ನಾನು ಮನಸ್ಸು ತುಂಬಿ ಮೆಚ್ಚುತ್ತೇನೆ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ.

ಒಂದನೇ ಕ್ಲಾಸಿಗೆ ಸೇರಿದಾಗ ತುಂಬಾ ಸಣ್ಣಗಿದ್ದಳು. ಆಟದ ಪೀರಿಯಡ್‌ನಲ್ಲಿ ಉಳಿದ ಮಕ್ಕಳ ಜೊತೆ ಓಡಲು ಶುರು ಮಾಡುವಳು, ಸ್ವಲ್ಪ ದೂರ ಹೋಗಿ ಕುಕ್ಕರುಗಾಲಲ್ಲಿ ಕೂತುಬಿಡುವಳು. ಮೊಣಕಾಲನ್ನು ಎದೆಗೆ ಒತ್ತಿಕೊಂಡು ಕೂತು, ಉಸಿರು ಹತೋಟಿಗೆ ಬಂದ ಮೇಲೆ ಏಳುವಳು. ತುಟಿ, ಉಗುರು ನೀಲಿ ನೀಲಿ. ಮನೆಯವರು "ಹುಟ್ಟಿನಿಂದನ ಹಿಂಗ ಅದಾಳ್ರಿ, ಅಶಕ್ತಿ" ಅನ್ನುತ್ತಿದ್ದರು. ಅಜ್ಜಿ ದೃಷ್ಟಿ ತೆಗೆಸಿದ್ದಳು, ತಾಯತ ಕಟ್ಟಿಸಿದ್ದಳು.

ಅವಳ ಕಾಯಿಲೆ ಹಿಡಿದದ್ದು ಶಾಲೆಗೆ ತಪಾಸಣೆಗೆ ಬಂದ ತಂಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾಗಿದ್ದು. ಪ್ರತಿ ತಂಡದಲ್ಲಿ ಇಬ್ಬರು ಆಯುಷ್ (ಆಯುರ್ವೇದ, ಹೋಮಿಯೋಪತಿಯಂಥ ಪದ್ಧತಿಗಳ) ಡಾಕ್ಟರ್, ಒಬ್ಬರು ನರ್ಸ್, ಒಬ್ಬರು ಫಾರ್ಮಾಸಿಸ್ಟ್ ಇರಬೇಕು. ವಾಹನದಲ್ಲಿ ಬರುತ್ತಾರೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಸುಮಾರು 30 ಬಗೆಯ ತೊಂದರೆಗಳನ್ನು ನೋಡುತ್ತಾರೆ. ಹುಟ್ಟಿನಿಂದ ಬಂದ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆ ನಿಧಾನವಾಗುವುದು, ಎಲ್ಲ ಸೇರಿ. ಮುಖ್ಯ ವಿಷಯ ಏನೆಂದರೆ ಅವರು ಯಾರ ರೇಷನ್ ಕಾರ್ಡನ್ನೂ ಕೇಳುವುದಿಲ್ಲ. ಸಾಲಾಗಿ ನಿಂತ ಮಕ್ಕಳೆಲ್ಲ ಅವರಿಗೆ ಒಂದೇ.

ಆ ದಿನ ಡಾಕ್ಟರಮ್ಮ ಈ ಹುಡುಗಿಯ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬೆರಳ ತುದಿ ನೋಡಿದರು. "ಓಡಿ ಬಂದ ಮೇಲೆ ಕೂರ್ತಾಳಾ ಟೀಚರ್?" ಅಂತ ನನ್ನನ್ನು ಕೇಳಿದರು. ಹೌದು ಅಂದೆ. ಹಾಗೆ ಕೂರುವುದು ಮಗು ತಾನಾಗೇ ಕಂಡುಕೊಂಡ ಉಪಾಯವಂತೆ. ಕಾಲು ಮಡಚಿ ಕೂತಾಗ ಶ್ವಾಸಕೋಶದ ಕಡೆ ರಕ್ತ ಸ್ವಲ್ಪ ಜಾಸ್ತಿ ಹೋಗುತ್ತದೆ, ಉಸಿರು ಸಿಗುತ್ತದೆ. ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಎಕೋ, ಅಂದರೆ ಹೃದಯದ ಸ್ಕ್ಯಾನ್ ಆಯಿತು. ಟೆಟ್ರಾಲಜಿ ಆಫ್ ಫಾಲೋ. ಹೃದಯದಲ್ಲಿ ತೂತು ಇದೆ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿದೆ. ಆಪರೇಷನ್ ಒಂದೇ ದಾರಿ, ಅದೂ ಇಷ್ಟು ಹೊತ್ತಿಗೆ ಆಗಿಬಿಟ್ಟಿರಬೇಕಿತ್ತು ಅಂದರು.

ಅಲ್ಲಿಂದ ಕಾಗದದ ಕೆಲಸ ಶುರು. ರೇಷನ್ ಕಾರ್ಡ್ ಇತ್ತು, ಆದರೆ ಅಜ್ಜನ ಹೆಸರಲ್ಲಿ. ಅದರಲ್ಲಿ ಅಪ್ಪನ ಹೆಸರಿದೆ, ಅಮ್ಮನ ಹೆಸರಿದೆ, ಹುಡುಗಿಯ ಹೆಸರಿಲ್ಲ. ಅಣ್ಣ ತಮ್ಮ ಬೇರೆಯಾಗಿ ವರ್ಷಗಳಾಗಿದ್ದವು. ಹೊಸ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿದ್ದರು. ಹೆಸರು ಸೇರಿಸಲು ಹೋದರೆ ಸರ್ವರ್ ಇಲ್ಲ, ಇನ್ನೊಂದು ದಿನ ಹೋದರೆ ಆಧಾರ್ ಹೊಂದುತ್ತಿಲ್ಲ. ಐದು ವರ್ಷದೊಳಗೆ ಮಾಡಿಸಿದ ಮಕ್ಕಳ ಆಧಾರ್‌ನಲ್ಲಿ ಬೆರಳಚ್ಚು ಇರುವುದಿಲ್ಲ, ಐದು ತುಂಬಿದ ಮೇಲೆ ಮತ್ತೆ ಹೋಗಿ ಕೊಡಬೇಕು. ಹಳ್ಳಿಯಲ್ಲಿ ಇದನ್ನು ಯಾರು ಹೇಳುತ್ತಾರೆ? ಜನನ ಪ್ರಮಾಣ ಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಒಂದಕ್ಷರ ಬೇರೆ. ಅಪ್ಪ ಕೂಲಿ ಬಿಟ್ಟು ಅಲೆದ. ನಾನೂ, ನಮ್ಮೂರ ಆಶಾ ಕಾರ್ಯಕರ್ತೆಯೂ ಜೊತೆಗೆ ಓಡಾಡಿದೆವು. ಒಂದು ಕಚೇರಿಯಲ್ಲಿ ಗುಮಾಸ್ತರು "ಮುಂದಿನ ತಿಂಗಳು ಬನ್ನಿ" ಅಂದಾಗ ಆ ಅಪ್ಪ ಏನೂ ಮಾತಾಡದೆ ಎದ್ದು ಹೊರಟ. ನನಗೆ ತಡೆಯಲಾಗಲಿಲ್ಲ. ಮಗುವಿನ ಉಗುರು ನೋಡಿ ಅಂತ ಅವಳ ಕೈ ಹಿಡಿದು ಮೇಜಿನ ಮೇಲೆ ಇಟ್ಟೆ. ಆವತ್ತೇ ಕೆಲಸ ಆಯಿತು. ಎಲ್ಲ ಮಕ್ಕಳ ಕೈಯನ್ನೂ ಹೀಗೆ ಮೇಜಿನ ಮೇಲೆ ಇಡುವವರು ಎಲ್ಲಿರುತ್ತಾರೆ?

ಬೆಂಗಳೂರಿನಲ್ಲಿ ಆಪರೇಷನ್ ಚೆನ್ನಾಗಿ ಆಯಿತು. ಆಪರೇಷನ್‌ಗೆ, ಔಷಧಿಗೆ, ಐಸಿಯುಗೆ ಒಂದು ರೂಪಾಯಿ ಕೇಳಲಿಲ್ಲ. ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿದ್ದ 'ಆರೋಗ್ಯ ಮಿತ್ರ' ಹುಡುಗಿ ತುಂಬಾ ತಾಳ್ಮೆಯಿಂದ ಎಲ್ಲ ಮಾಡಿಕೊಟ್ಟಳು ಅಂತ ತಾಯಿ ಈಗಲೂ ನೆನೆಯುತ್ತಾಳೆ. ಆದರೂ ಆ ಮನೆಗೆ ಸಾಲ ಆಯಿತು. ಹೇಗೆ ಅಂತೀರಾ? ಶಕ್ತಿ ಯೋಜನೆ ಬಂದ ಮೇಲೆ ತಾಯಿ, ಮಗಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅಷ್ಟು ಉಳಿಯಿತು. ಅಪ್ಪನ ಟಿಕೆಟ್, ಮೂರು ಜನರ ಊಟ, ಆಸ್ಪತ್ರೆ ಹೊರಗೆ ಮಲಗಲು ಜಾಗ, ಊರಲ್ಲಿ ಬಿಟ್ಟ ಚಿಕ್ಕ ಮಗುವನ್ನು ನೋಡಿಕೊಳ್ಳುವವರಿಗೆ ಖರ್ಚು, ಎಲ್ಲಕ್ಕಿಂತ ಜಾಸ್ತಿ ಇಬ್ಬರ ಕೂಲಿ ಹೋಗಿದ್ದು. ಸಂಘದಲ್ಲಿ ಸಾಲ ತೆಗೆದರು. ಅಪ್ಪನ ದುಡಿಮೆ ನಿಂತಾಗಲೇ ಮಗುವಿನ ಆಪರೇಷನ್ ಆಗುವುದು. ಇದು ದೊಡ್ಡವರ ಕಾಯಿಲೆಗೂ ಮಗುವಿನ ಕಾಯಿಲೆಗೂ ಇರುವ ದೊಡ್ಡ ವ್ಯತ್ಯಾಸ. ಮಗು ಒಂದೇ ಆಸ್ಪತ್ರೆಯಲ್ಲಿ ಇರುವುದಿಲ್ಲ, ಮನೆಯೇ ಅದರ ಜೊತೆ ಹೋಗಿ ಕೂತಿರುತ್ತದೆ. ಹಳೆಯ ಸ್ವಾಸ್ಥ್ಯ ಬಿಮಾದಲ್ಲಿ ಒಂದು ಸಲಕ್ಕೆ ನೂರು ರೂಪಾಯಿ ಬಸ್ ಖರ್ಚು ಅಂತಾದರೂ ಇಟ್ಟಿದ್ದರು. ಸಣ್ಣ ಮೊತ್ತ ನಿಜ, ಆದರೆ ಆ ಖರ್ಚೂ ಚಿಕಿತ್ಸೆಯ ಖರ್ಚೇ ಅಂತ ಒಪ್ಪಿಕೊಂಡಂತಾಗಿತ್ತು.

ಮಕ್ಕಳ ಕಾಯಿಲೆಗೆ ಇನ್ನೊಂದು ಗುಣ ಇದೆ. ಅದಕ್ಕೆ ಹೊತ್ತು ಮೀರಿಬಿಡುತ್ತದೆ. ಪಾದ ಒಳಗೆ ತಿರುಗಿ ಹುಟ್ಟಿದ ಮಗುವಿಗೆ ಮೊದಲ ವಾರಗಳಲ್ಲೇ ಪ್ಲಾಸ್ಟರ್ ಹಾಕುತ್ತಾ ಬಂದರೆ ಪಾದ ನೆಟ್ಟಗಾಗುತ್ತದೆ, ವರ್ಷ ಕಳೆದ ಹಾಗೆ ಕಷ್ಟ. ಹುಟ್ಟು ಕಿವುಡಿರುವ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ) ಚಿಕ್ಕ ವಯಸ್ಸಿನಲ್ಲೇ ಆಗಬೇಕು, ಮಾತು ಕಲಿಯುವ ವಯಸ್ಸು ದಾಟಿದ ಮೇಲೆ ಹಾಕಿದರೆ ಅಷ್ಟು ಫಲ ಇಲ್ಲ. ಹೃದಯದ ಕೆಲವು ದೊಡ್ಡ ತೂತುಗಳನ್ನು ಸಕಾಲದಲ್ಲಿ ಮುಚ್ಚದಿದ್ದರೆ ಶ್ವಾಸಕೋಶದ ರಕ್ತನಾಳಗಳು ಹಾಳಾಗಿ, ಆಮೇಲೆ ಆಪರೇಷನ್ನೇ ಮಾಡಲಾಗದ ಸ್ಥಿತಿ ಬರುತ್ತದೆ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎಂಟರಿಂದ ಒಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ ಅಂತ ವೈದ್ಯರ ಲೆಕ್ಕ. ಎಲ್ಲದಕ್ಕೂ ಆಪರೇಷನ್ ಬೇಡ, ಕೆಲವು ತಾವಾಗೇ ಮುಚ್ಚಿಕೊಳ್ಳುತ್ತವೆ. ಬೇಕಾದವಕ್ಕೆ ಮಾತ್ರ ಕಾಯಲು ಆಗುವುದಿಲ್ಲ. ಕಾರ್ಡಿನಲ್ಲಿ ಹೆಸರು ಸೇರುವವರೆಗೆ ಕಾಯಿ ಅಂತ ಹೃದಯಕ್ಕೆ ಯಾರು ಹೇಳುವುದು?

ಇದೆಲ್ಲ ಆಪರೇಷನ್ ಇರುವ ಕಾಯಿಲೆಗಳ ಕಥೆ. ನನಗೆ ಇದಕ್ಕಿಂತ ಜಾಸ್ತಿ ಸಂಕಟ ಕೊಡುವುದು ಆಪರೇಷನ್ ಇಲ್ಲದ ಕಾಯಿಲೆಗಳು.

ನಮ್ಮ ಶಾಲೆಯ ಆರನೇ ಕ್ಲಾಸಿನ ಹುಡುಗನಿಗೆ ಟೈಪ್ 1 ಸಕ್ಕರೆ ಕಾಯಿಲೆ. ಇದು ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಯಂತಲ್ಲ. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತಿರುತ್ತದೆ. ಪಥ್ಯ ಮಾಡಿ, ಮಾತ್ರೆ ನುಂಗಿ ಸರಿ ಮಾಡಲು ಬರುವುದಿಲ್ಲ. ದಿನಕ್ಕೆ ಹಲವು ಸಲ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು, ಜೀವ ಇರುವವರೆಗೂ. ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳಬೇಕು, ಅದಕ್ಕೆ ಸ್ಟ್ರಿಪ್ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಇದ್ದಾಗ ಕೊಡುತ್ತಾರೆ. ಇಲ್ಲದಾಗ ಮೆಡಿಕಲ್ ಶಾಪೇ ಗತಿ. ಸ್ಟ್ರಿಪ್ ಅಂತೂ ಯಾವಾಗಲೂ ಕೈ ದುಡ್ಡು. ಮನೆಯಲ್ಲಿ ಫ್ರಿಡ್ಜ್ ಇಲ್ಲ. ಮಣ್ಣಿನ ಗಡಿಗೆಯಲ್ಲಿ ನೀರು ಹಾಕಿ, ಒಳಗೆ ಡಬ್ಬಿಯಲ್ಲಿ ಇನ್ಸುಲಿನ್ ಇಟ್ಟು ಒದ್ದೆ ಬಟ್ಟೆ ಸುತ್ತುತ್ತಾರೆ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಗೊತ್ತಲ್ವಾ.

ಇವರ ಹತ್ತಿರವೂ 5 ಲಕ್ಷದ ಕಾರ್ಡ್ ಇದೆ. ಹೆಸರೂ ಸರಿಯಾಗಿದೆ. ಆದರೆ ಆ ಕಾರ್ಡ್ ತೆರೆಯುವುದು ಆಸ್ಪತ್ರೆಗೆ ಸೇರಿದಾಗ ಮಾತ್ರ. ಸೇರುವ ಮುಂಚಿನ ಮೂರು ದಿನ, ಬಿಡುಗಡೆಯಾದ ಮೇಲಿನ ಹದಿನೈದು ದಿನದ ಖರ್ಚು ಸೇರುತ್ತದೆ, ಅಷ್ಟೇ. ಹೊರರೋಗಿ ಚಿಕಿತ್ಸೆ ಅದರಲ್ಲಿಲ್ಲ. ಅಂದರೆ ಈ ಹುಡುಗ ಇನ್ಸುಲಿನ್ ಸಿಗದೆ, ರಕ್ತ ವಿಷವಾಗಿ, ಪ್ರಜ್ಞೆ ತಪ್ಪಿ ಐಸಿಯು ಸೇರಿದರೆ ಸರ್ಕಾರ ಖರ್ಚು ಕೊಡುತ್ತದೆ. ಹಾಗಾಗದಂತೆ ತಡೆಯುವ ಇನ್ಸುಲಿನ್‌ಗೆ, ಸ್ಟ್ರಿಪ್‌ಗೆ ಅದೇ ಕಾರ್ಡ್‌ನಿಂದ ಏನೂ ಸಿಗುವುದಿಲ್ಲ. ಒಮ್ಮೆ ಹಾಗೇ ಆಗಿ ಅವನು ಆಸ್ಪತ್ರೆ ಸೇರಿದ್ದ. ಬದುಕಿ ಬಂದ. ಅವನ ಅವ್ವ "ಆಸ್ಪತ್ರ್ಯಾಗ ಇದ್ದಾಗ ಖರ್ಚ್ ಇರಲಿಲ್ರಿ, ಮನಿಗೆ ಬಂದ ಮ್ಯಾಲೆ ಮತ್ತ ಚಾಲು" ಅಂದಳು. ಇಷ್ಟು ಸರಳವಾಗಿ ಈ ಯೋಜನೆಯ ಕೊರತೆಯನ್ನು ಬೇರೆ ಯಾರೂ ನನಗೆ ಹೇಳಿಲ್ಲ.

ಮೂರ್ಛೆ ರೋಗ, ಆಸ್ತಮಾ, ಇವುಗಳಿಗೂ ಇದೇ ಹಾಡು. ದಿನವೂ ಔಷಧಿ, ತಿಂಗಳಿಗೊಮ್ಮೆ ಡಾಕ್ಟರ್. ಸಾಮಾನ್ಯ ಮಗುವಿನ ಜ್ವರ, ಕೆಮ್ಮು, ಭೇದಿ ಕೂಡ ಹೊರರೋಗಿ ಚೀಟಿಯಲ್ಲೇ ಮುಗಿಯುವಂಥವು. ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇತ್ತು, 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಅಂತ ಸರ್ಕಾರದ ಲೆಕ್ಕ ಹೇಳುತ್ತದೆ. ಇಳಿದದ್ದು ಸಂತೋಷವೇ. ಉಳಿದಿರುವ ಆ ಪಾಲಿನಲ್ಲಿ ಇಂಥ ಸ್ಟ್ರಿಪ್, ಇಂಥ ಇನ್‌ಹೇಲರ್ ಎಷ್ಟಿರಬಹುದು!

ತಪಾಸಣೆಯ ಕಾರ್ಯಕ್ರಮದಲ್ಲೂ ಒಂದು ದೊಡ್ಡ ಬಿರುಕಿದೆ. ಆ ವಾಹನ ಹೋಗುವುದು ಅಂಗನವಾಡಿಗೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ. ಇದನ್ನು ರೂಪಿಸಿದಾಗ ಬಡವರ ಮಕ್ಕಳು ಅಲ್ಲೇ ಸಿಗುತ್ತಾರೆ ಅಂತ ಅಂದುಕೊಂಡಿರಬೇಕು. ಈಗ ಹಾಗಿಲ್ಲ. ನಮ್ಮೂರಲ್ಲೇ ಬೆಳಿಗ್ಗೆ ಹಳದಿ ವ್ಯಾನ್‌ಗಳು ಬಂದು ಕೂಲಿಕಾರರ ಮಕ್ಕಳನ್ನು ತುಂಬಿಕೊಂಡು ಹೋಗುತ್ತವೆ. ಇಂಗ್ಲಿಷ್ ಮೀಡಿಯಂ ಆಸೆಗೆ ಹೊಟ್ಟೆ ಬಟ್ಟೆ ಕಟ್ಟಿ ಫೀಸು ಕಟ್ಟುತ್ತಾರೆ. ಆ ಮಕ್ಕಳ ಎದೆಯ ಮೇಲೆ ಸ್ಟೆತಸ್ಕೋಪ್ ಇಡುವವರು ಯಾರು? ಹೃದಯದ ಆಪರೇಷನ್ ಆದ ನಮ್ಮ ಹುಡುಗಿಯ ಚಿಕ್ಕಪ್ಪನ ಮಗ ಅಂಥ ಶಾಲೆಗೆ ಹೋಗುತ್ತಾನೆ. ಇವಳು ಅಲ್ಲಿಗೇ ಸೇರಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನನಗೆ ಭಯವಾಗುತ್ತದೆ.

ಬೇರೆ ಕಡೆ ಏನು ಮಾಡಿದ್ದಾರೆ ಅಂತ ಹುಡುಕಿ ಓದಿದೆ. ಕೇರಳದಲ್ಲಿ 2017ರಿಂದ 'ಹೃದ್ಯಂ' ಅಂತ ಒಂದು ಕಾರ್ಯಕ್ರಮ ಇದೆ. ಹುಟ್ಟಿದ ಮಕ್ಕಳ ಹೃದಯ ಪರೀಕ್ಷೆ, ದೋಷ ಕಂಡರೆ ವೆಬ್‌ಸೈಟಿನಲ್ಲಿ ಆ ಮಗುವಿನ ಹೆಸರು ದಾಖಲು. ಎಷ್ಟು ತುರ್ತು ಅಂತ ತಜ್ಞರು ನೋಡಿ, ಯಾವ ಆಸ್ಪತ್ರೆಯಲ್ಲಿ ಜಾಗ ಇದೆಯೋ ಅಲ್ಲಿಗೆ ಕಳಿಸುತ್ತಾರೆ. ಬಡವ, ಶ್ರೀಮಂತ ಅಂತ ಕೇಳುವುದಿಲ್ಲ. ಪಟ್ಟಿಯಲ್ಲಿ ಇರುವುದು ಮಗುವಿನ ಹೆಸರು, ಅಪ್ಪನ ಕಾರ್ಡ್ ನಂಬರ್ ಅಲ್ಲ. ನಮ್ಮ ಪಕ್ಕದ ರಾಜ್ಯ ಅದು, ಬೇರೆ ಲೋಕವಲ್ಲ.

ಅಮೆರಿಕದ ಆರೋಗ್ಯ ವ್ಯವಸ್ಥೆ ದುಬಾರಿ, ಅದರ ತಾಪತ್ರಯ ಅಲ್ಲಿರುವ ನಮ್ಮವರೇ ಹೇಳುತ್ತಾರೆ. ಆದರೆ ಬಡ ಮಕ್ಕಳ ವಿಷಯದಲ್ಲಿ ಅಲ್ಲಿ ಎರಡು ಕಾನೂನುಗಳಿವೆ, ನನಗೆ ತುಂಬಾ ಹಿಡಿಸಿದವು. ಬಡವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಡ್‌ಗೆ 1967ರಲ್ಲಿ ಒಂದು ನಿಯಮ ಸೇರಿಸಿದರು. ಮಕ್ಕಳನ್ನು ಆಗಾಗ ತಪಾಸಣೆ ಮಾಡಬೇಕು, ತಪಾಸಣೆಯಲ್ಲಿ ಏನು ಸಿಗುತ್ತದೋ ಅದಕ್ಕೆ ಬೇಕಾದ ಚಿಕಿತ್ಸೆಯನ್ನೂ ಕೊಡಲೇಬೇಕು. ಸೈನ್ಯಕ್ಕೆ ಸೇರಿಸಲು ಕರೆದ ಹುಡುಗರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲೇ ಗುಣವಾಗಬಹುದಾಗಿದ್ದ ಕಾಯಿಲೆಗಳಿಂದ ಅನರ್ಹರಾಗಿದ್ದು ನೋಡಿ ಬಂದ ಯೋಚನೆ ಅದು. ಎರಡನೆಯದು ಈಚಿನದು. 2024ರ ಜನವರಿಯಿಂದ, ಮೆಡಿಕೇಡ್ ಅಥವಾ ಮಕ್ಕಳ ವಿಮೆಗೆ ಸೇರಿದ 19 ವರ್ಷದೊಳಗಿನ ಮಗುವನ್ನು ಹನ್ನೆರಡು ತಿಂಗಳ ಮಟ್ಟಿಗೆ ತೆಗೆಯುವಂತಿಲ್ಲ. ನಡುವೆ ಅಪ್ಪ ಅಮ್ಮನ ಸಂಬಳ ಸ್ವಲ್ಪ ಜಾಸ್ತಿಯಾದರೂ ಮಗುವಿನ ವಿಮೆ ಹಾಗೇ ಇರಬೇಕು. ನಮ್ಮಲ್ಲಿ ಇಂಥ ಒಂದು ಸಾಲಿನ ನಿಯಮ ಇದ್ದಿದ್ದರೆ ಆ ನವೆಂಬರ್‌ನಲ್ಲಿ ಆ ತಾಯಿ ಶಾಲೆಗೆ ಓಡಿ ಬರುತ್ತಿರಲಿಲ್ಲ. ರೇಷನ್ ಕಾರ್ಡಿನ ಪರಿಶೀಲನೆ ಏನಾದರೂ ಆಗಲಿ, ಆಪರೇಷನ್ ಆದ ಮಗುವಿನ ಚಿಕಿತ್ಸೆಗೆ ಅದು ತಾಗುವುದಿಲ್ಲ ಅಂತ ನಾನು ಧೈರ್ಯ ಹೇಳಿ ಕಳಿಸುತ್ತಿದ್ದೆ.

ನನ್ನ ಮಾತು ಇಷ್ಟೇ. ಮಗು ಹುಟ್ಟಿದ ದಿನವೇ, ಗರ್ಭಿಣಿಯರಿಗೆ ಕೊಡುವ 'ತಾಯಿ ಕಾರ್ಡ್' ಇದೆಯಲ್ಲ, ಅದರ ನಂಬರಿನ ಮೇಲೆಯೇ, ಆ ಮಗುವಿನ ಹೆಸರಿಗೆ ಒಂದು ಆರೋಗ್ಯ ಕಾರ್ಡ್ ಆಗಲಿ. ಬಿಪಿಎಲ್, ಎಪಿಎಲ್ ಬೇಡ. ಹದಿನೆಂಟು ತುಂಬುವವರೆಗೆ ಯಾರೂ ಅದನ್ನು ರದ್ದು ಮಾಡಬಾರದು. ಶಾಲೆಗೆ ಬರುವ ತಪಾಸಣೆ ತಂಡ ಹಳದಿ ವ್ಯಾನಿನ ಶಾಲೆಗಳಿಗೂ ಹೋಗಲಿ. ಅವರು ಹಿಡಿದ ಕಾಯಿಲೆಗೆ ಆಪರೇಷನ್ ಬೇಕಿರಲಿ, ದಿನದ ಸೂಜಿ ಬೇಕಿರಲಿ, ಎರಡೂ ಅದೇ ಕಾರ್ಡಿನಲ್ಲಿ ಸಿಗಲಿ. ದುಡ್ಡು ಎಲ್ಲಿಂದ ಅಂತ ಕೇಳುವವರಿದ್ದಾರೆ. ಮಕ್ಕಳ ದೊಡ್ಡ ಕಾಯಿಲೆಗಳು ದೊಡ್ಡವರ ಕಾಯಿಲೆಗಳಷ್ಟು ಇರುವುದಿಲ್ಲ. ಬಿಪಿಎಲ್ ಮಕ್ಕಳು ಆಸ್ಪತ್ರೆ ಸೇರಿದಾಗಿನ ಖರ್ಚು ಈಗಾಗಲೇ ಸರ್ಕಾರದ್ದೇ. ಹೊಸದಾಗಿ ಸೇರುವವರು ಎಪಿಎಲ್‌ನಲ್ಲಿರುವ ಮಕ್ಕಳು, ಕಾಗದದಲ್ಲಿ ಎಲ್ಲೂ ಇಲ್ಲದ ಮಕ್ಕಳು. ಎಪ್ಪತ್ತು ದಾಟಿದ ಎಲ್ಲ ಹಿರಿಯರಿಗೂ, ಆದಾಯ ಕೇಳದೆ, ಆಯುಷ್ಮಾನ್ ಕಾರ್ಡ್ ಅಂತ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಶುರು ಮಾಡಿತಲ್ಲ. ವಯಸ್ಸಿನ ಆ ತುದಿಗೆ ಒಪ್ಪಿದ ಮೇಲೆ ಈ ತುದಿಗೂ ಒಪ್ಪಬಹುದು.

ಅದು ಆಗುವವರೆಗೆ ಮಾಡಬಹುದಾದ ಕೆಲಸಗಳಿವೆ. ನಿಮ್ಮ ಮನೆಯಲ್ಲಿ ಕೆಲಸಕ್ಕೆ ಬರುವವರು, ಹೊಲಕ್ಕೆ ಬರುವವರು, ನಿಮ್ಮ ಓಣಿಯವರು, ಅವರ ರೇಷನ್ ಕಾರ್ಡಿನಲ್ಲಿ ಮಕ್ಕಳ ಹೆಸರಿದೆಯಾ ಅಂತ ಒಮ್ಮೆ ಕೇಳಿ. ಇಲ್ಲದಿದ್ದರೆ ಕಾಯಿಲೆ ಬರುವ ಮುಂಚೆಯೇ ಸೇರಿಸಲು ಹೇಳಿ. ಐದು ತುಂಬಿದ ಮಗುವಿನ ಆಧಾರ್‌ಗೆ ಬೆರಳಚ್ಚು ಕೊಡಿಸಿ. ಆಯುಷ್ಮಾನ್ ಬಗ್ಗೆ 14555ಕ್ಕೆ, ಬೇರೆ ಆರೋಗ್ಯ ಮಾಹಿತಿಗೆ 104ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ. ನನ್ನಂತೆ ಶಾಲೆಯಲ್ಲಿರುವವರಿಗೆ ಇನ್ನೂ ಒಂದು ಮಾತು. ತಪಾಸಣೆ ತಂಡ ಬಂದು ಹೋದ ದಿನ, ಮುಂದಿನ ಆಸ್ಪತ್ರೆಗೆ ಹೋಗಬೇಕು ಅಂತ ಬರೆದ ಮಕ್ಕಳ ಪಟ್ಟಿಯ ಒಂದು ಪ್ರತಿಯನ್ನು ಶಾಲೆಯಲ್ಲೂ ಇಟ್ಟುಕೊಳ್ಳಿ. ತಿಂಗಳು ಬಿಟ್ಟು ಆ ಮನೆಗಳಿಗೆ ಫೋನ್ ಮಾಡಿ, ಹೋಗಿದ್ರಾ ಅಂತ ಕೇಳಿ. ಹೋಗಿಲ್ಲ ಅಂದರೆ ಯಾಕೆ ಹೋಗಿಲ್ಲ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ, ಗ್ರಾಮಸಭೆಯಲ್ಲಿ ಆ ಕಾರಣಗಳನ್ನು ಓದಿ.